ಮಾತ್ರೆಯ ದೊಡ್ಡ ಹೆಸರು, ಸಣ್ಣ ಹೆಸರು

ನನ್ನ ಮಗಳು ದಿನವೂ ನುಂಗುತ್ತಿದ್ದ ಮಾತ್ರೆಗೆ ನಮ್ಮ ಮನೆಯಲ್ಲಿ ಟಾನಿಕ್ಕು ಎಂದು ಹೆಸರು. ಟಾನಿಕ್ಕು ಎಂದರೆ ಬಾಟಲಿಯಲ್ಲಿರಬೇಕು, ಕೆಂಪಗಿರಬೇಕು, ಚಮಚದಲ್ಲಿ ಕುಡಿಯಬೇಕು ಎಂಬುದು ಐದು ತುಂಬಿದ್ದ ಅವಳಿಗೂ ಗೊತ್ತಿತ್ತು. ಆದರೂ ಯಾರಾದರೂ ಕೇಳಿದರೆ "ಟಾನಿಕ್ಕು" ಎಂದೇ ಹೇಳುವ ಹಾಗೆ ಅವಳನ್ನು ಪಳಗಿಸಿದ್ದೆವು. ಮೂರ್ಛೆ ಎಂಬ ಮಾತು ಒಮ್ಮೆ ಹೊಸಿಲು ದಾಟಿ ಹೊರಗೆ ಹೋಯಿತೆಂದರೆ ಅದು ಹೆಣ್ಣುಮಗುವಿನ ಹಿಂದೆಯೇ ನಡೆದುಕೊಂಡು ಹಸೆಮಣೆವರೆಗೂ ಬರುತ್ತದೆ ಎಂಬ ಭಯ ನಮಗೆಲ್ಲ. ಬೀದಿಯವರ ಮುಂದೆ ನಾನು ಆ ಮಾತ್ರೆಯ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದೆ.

ಅವಳಿಗೆ ಮೊದಲ ಸಲ ಮೂರ್ಛೆ ಬಂದದ್ದು ಮಧುಗಿರಿಯಲ್ಲಿ. ನಮ್ಮವರಿಗೆ ಸರ್ವೆ ಇಲಾಖೆಯಲ್ಲಿ ಕೆಲಸ. ಬೆಟ್ಟದ ಬುಡದ ಬೀದಿಯಲ್ಲಿ ಬಾಡಿಗೆ ಮನೆ. ಆವತ್ತು ಮಗುವಿಗೆ ಜ್ವರ ಇತ್ತು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಹಾಗೆಯೇ ಅವಳ ಕಣ್ಣುಗುಡ್ಡೆ ಒಂದು ಕಡೆಗೆ ಸರಿಯಿತು, ಕೈಕಾಲು ಸೆಟೆದವು. ನಮ್ಮತ್ತೆ ಗೂಟದಲ್ಲಿದ್ದ ಬೀಗದ ಕೈ ಕಿತ್ತುಕೊಂಡು ಬಂದು ಅವಳ ಮುಷ್ಟಿಯೊಳಗೆ ತುರುಕಿದರು. "ಕಬ್ಬಿಣ ಹಿಡೀ ಕಣವ್ವಾ, ಕಬ್ಬಿಣ ಹಿಡೀ" ಎಂದು ಕೂಗುತ್ತಿದ್ದರು. ಅದೆಲ್ಲ ನಿಂತ ಮೇಲೆ ನೋಡಿದರೆ ಮಗುವಿನ ಅಂಗೈಯಲ್ಲಿ ಬೀಗದ ಕೈಯ ಹಲ್ಲುಗಳ ಅಚ್ಚು ಕೆಂಪಗೆ ಮೂಡಿತ್ತು. ಜ್ವರಕ್ಕೆ ಹಾಗಾಗುತ್ತದೆ ಎಂದರು. ಎರಡನೇ ಸಲ ಜ್ವರವೇ ಇರಲಿಲ್ಲ.

ಕೊರಟಗೆರೆಯಿಂದ ನಮ್ಮಮ್ಮ ಬಂದು, ಸಿದ್ದರಬೆಟ್ಟದಲ್ಲಿ ಬೇರು ಕೊಡುವವರಿದ್ದಾರೆ, ಕರೆದುಕೊಂಡು ಹೋಗೋಣ ಎಂದಳು. ನಾವು ಮೊದಲು ಮಧುಗಿರಿಯ ಡಾಕ್ಟರ ಹತ್ತಿರ ಹೋದೆವು. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಕ್ಲಿನಿಕ್ಕು. ವಯಸ್ಸಾದವರು, ಗಟ್ಟಿ ದನಿಯವರು. ಚೀಟಿ ಬರೆದು, ಅದನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ಹೇಳಿದರು: "ನೋಡಮ್ಮ, ಇದೇ ಮಾತ್ರೆ. ಒಂದು ದಿನ ತಪ್ಪಿಸಕೂಡದು. ತಪ್ಪಿಸಿ ಏನಾದರೂ ಆದರೆ ನನ್ನ ಕೇಳಬೇಡ."

ಇದೇ ಮಾತ್ರೆ. ಆ ಎರಡು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟವು.

ಬೆಳ್ಳಗೆ ಹೊಳೆಯುವ ಕಾಗದದ ಪಟ್ಟಿ, ಅದರ ಮೇಲೆ ನೀಲಿಯಲ್ಲಿ ದಪ್ಪಕ್ಷರದ ಇಂಗ್ಲಿಷ್ ಹೆಸರು. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಬೀದಿಯಲ್ಲಿ ಇಂಗ್ಲಿಷು ಓದಬಲ್ಲ ಹೆಂಗಸು ನಾನೊಬ್ಬಳೇ ಆದ್ದರಿಂದ ಎಲ್ಲರೂ ಔಷಧಿ ತಂದು ನನ್ನ ಹತ್ತಿರ ಓದಿಸುವುದು ವಾಡಿಕೆ. ಓದುವುದೇನು, ದೊಡ್ಡ ಅಕ್ಷರವನ್ನು ಓದುತ್ತಿದ್ದೆ, ಅಷ್ಟೇ. ಬಹಳ ಸಲ ಅದಕ್ಕೂ ದಾರಿ ಇರುತ್ತಿರಲಿಲ್ಲ. ಅಂಗಡಿಯವರು ಪಟ್ಟಿಯಿಂದ ಬೇಕಾದಷ್ಟೇ ಮಾತ್ರೆ ಕತ್ತರಿಯಲ್ಲಿ ಕತ್ತರಿಸಿ, ಹಳೇ ಪೇಪರಿನ ಚೂರಿನಲ್ಲಿ ಸುತ್ತಿ ಕೊಡುತ್ತಿದ್ದರು. ಹೆಸರು ಅರ್ಧ ಅಂಗಡಿಯಲ್ಲಿ, ಅರ್ಧ ಮನೆಯಲ್ಲಿ.

ಮಧ್ಯೆ ಸಿರಾದಲ್ಲಿ ಸ್ವಲ್ಪ ಕಾಲ ಇದ್ದೆವು. ಅಲ್ಲಿ ಪಕ್ಕದ ಮನೆಯ ಹಿರಿಯ ಹೆಂಗಸನ್ನು ಬೀದಿಯೆಲ್ಲ ಆಪಾ ಎಂದು ಕರೆಯುತ್ತಿತ್ತು. ಆಕೆ ಒಂದು ದಿನ ಪೆಟ್ಟಿಗೆ ಅಂಗಡಿಯಲ್ಲಿ ಕೊಂಡ ಎರಡು ಥರದ ತಲೆನೋವಿನ ಮಾತ್ರೆ ತಂದು ನನ್ನ ಮುಂದೆ ಇಟ್ಟರು. ಅವಕ್ಕೆ ಡಾಕ್ಟರ ಚೀಟಿ ಬೇಡ, ಬೀಡಿ ಬೆಂಕಿಪೊಟ್ಟಣದ ಜೊತೆಗೇ ಮಾರುತ್ತಿದ್ದರು.

"ಬೇಟಿ, ಇದು ನಾಲ್ಕಾಣೆ ಮೇಲೆ, ಇದು ಹತ್ತು ಪೈಸೆ. ಏನೈತೆ ಫರಕ್ಕು, ಜರಾ ನೋಡು."

ಎರಡರ ದೊಡ್ಡ ಹೆಸರೂ ಓದಿ ಹೇಳಿದೆ. ಆಪಾ ತಲೆದೂಗಿ, "ಹಾಂ, ಬೇರೆ ಬೇರೆ. ಮಹಂಗಾ ಇರೋದು ತಲೆಗೆ, ಹತ್ತು ಪೈಸೆ ಸಸ್ತಾದು ಮೈಕೈಗೆ" ಎಂದು ತಾವೇ ತೀರ್ಮಾನ ಮಾಡಿ ಹೊರಟರು. ನನಗೂ ಹಾಗೆಯೇ ಇರಬಹುದು ಅನ್ನಿಸಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮವರಿಗೆ ಪಾವಗಡಕ್ಕೆ ವರ್ಗವಾಯಿತು. ಸಾಮಾನು ಇಳಿಸಿದ ಮಾರನೆಯ ದಿನವೇ ನಾನು ಖಾಲಿ ಪಟ್ಟಿಯೊಂದನ್ನು ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಮೇಲೆತ್ತಿ ನೋಡಿ, ಆ ಗಡಿ ಊರಿನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು.

"ಈ ಕಂಪನೀದು ಇಕ್ಕಡ ಬರಲ್ಲಮ್ಮಾ. ಅದೇ ಮಂದು, ಅದೇ ಔಷಧಿ, ಬೇರೆ ಕಂಪನೀದೈತೆ, ಕೊಡ್ಲಾ? ರೇಟೂ ಕಮ್ಮಿ."

ರೇಟು ಕಮ್ಮಿ ಎಂದಾಗಲೇ ನನ್ನ ಕೈ ಹಿಂದಕ್ಕೆ ಬಂತು. ಇದೇ ಮಾತ್ರೆ ಎಂದಿದ್ದರಲ್ಲ ಡಾಕ್ಟರು. ಬೇಡವೆಂದು ಬಂದುಬಿಟ್ಟೆ.

ಆಮೇಲೆ ಒಂದು ಏರ್ಪಾಟಾಯಿತು. ಮಧುಗಿರಿಯ ಅಂಗಡಿಯವರು ತಿಂಗಳಿಗಾಗುವಷ್ಟು ಮಾತ್ರೆಯನ್ನು ಕಾಗದದಲ್ಲಿ ಸುತ್ತಿ, ದಾರ ಬಿಗಿದು, ಪಾವಗಡದ ಬಸ್ಸಿನ ಕಂಡಕ್ಟರ ಕೈಗೆ ಕೊಡುವುದು; ನಾವು ಬಸ್ ಸ್ಟ್ಯಾಂಡಿನಲ್ಲಿ ನಿಂತು ಈಸಿಕೊಂಡು, ದುಡ್ಡನ್ನು ಅದೇ ಬಸ್ಸಿನಲ್ಲಿ ವಾಪಸು ಕಳಿಸುವುದು. ಆ ಕಾಲಕ್ಕೆ ಹೀಗೆ ಬಸ್ಸಿನಲ್ಲಿ ಬಾರದ ವಸ್ತುವೇ ಇರಲಿಲ್ಲ: ಬಾಣಂತಿ ಖಾರ, ಮಿಷನ್ನಿನ ಬಿಡಿ ಭಾಗ, ಹೂವಿನ ಪೊಟ್ಟಣ. ಕಂಡಕ್ಟರು ಒಳ್ಳೆಯ ಮನುಷ್ಯ. "ತಗೊಳ್ಳಿ ಅಮ್ಮಾವ್ರೇ, ನಿಮ್ಮ ಟಾನಿಕ್ಕು" ಎಂದು ನಕ್ಕು ಕೊಡುತ್ತಿದ್ದ. ಮನೆಗೆ ಬರುವ ಹಾಲಿಗೆ ತಿಂಗಳಿಗೆ ಎಷ್ಟಾಗುತ್ತಿತ್ತೋ ಅಷ್ಟೇ ಆ ಪೊಟ್ಟಣಕ್ಕೂ ಆಗುತ್ತಿತ್ತು. ಹಾಲನ್ನು ಕಡಿಮೆ ಮಾಡಿದೆವು, ಪೊಟ್ಟಣವನ್ನು ಮಾಡಲಿಲ್ಲ.

ಆ ವರ್ಷ ಪಾವಗಡಕ್ಕೆ ಅಪರೂಪದ ಮಳೆ ಬಂತು. ಊರಿನವರೆಲ್ಲ ಬಾಗಿಲಿಗೆ ಬಂದು ಕೈ ಚಾಚಿ ಮಳೆ ಹಿಡಿದರು. ದಾರಿಯ ಹಳ್ಳದ ಮೋರಿ ಕೊಚ್ಚಿಹೋಗಿ ಮಧುಗಿರಿಯ ಬಸ್ಸು ನಿಂತಿತು. ಎಲ್ಲರೂ ಮಳೆ ನೋಡಿ ನಗುತ್ತಿದ್ದರೆ ನಾನು ಡಬ್ಬಿ ತೆಗೆದು ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಡೆದ ಗುಳಿಗಳು ಹೆಚ್ಚಾಗಿ, ಉಬ್ಬಿದವು ಕಡಿಮೆಯಾಗುತ್ತಾ ಬಂದವು. ನಮ್ಮವರು ಟ್ರಂಕ್ ಕಾಲ್ ಬುಕ್ ಮಾಡಿ ಕಾದರು; ಲೈನೂ ಕೆಟ್ಟಿತ್ತು. ಕೊನೆಗೆ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅತ್ತೆಯೂ ಜೊತೆಗೆ ಬಂದರು.

ಅಲ್ಲಿದ್ದವರು ಲೇಡಿ ಡಾಕ್ಟರು. ನನ್ನದೇ ವಯಸ್ಸು. ಒಂದು ಕಿವಿಯ ಓಲೆಯ ತಿರುಪು ಸಡಿಲವಾಗಿ ಓಲೆ ಜೋಲಾಡುತ್ತಿತ್ತು. ಅದನ್ನು ಒತ್ತಿಕೊಳ್ಳುವಷ್ಟು ಬಿಡುವೂ ಅವರಿಗಿರಲಿಲ್ಲ. ನಾನು ತಂದಿದ್ದ ಪಟ್ಟಿ ತಿರುಗಿಸಿ ನೋಡಿ, "ಇದು ನಮ್ಮಲ್ಲೇ ಇದೆಯಲ್ಲ" ಎಂದರು. ಕಾಂಪೌಂಡರ್ ದೊಡ್ಡ ಡಬ್ಬದಿಂದ ಪುಟ್ಟ ಬಿಳೀ ಮಾತ್ರೆಗಳನ್ನು ಎಣಿಸಿ ಕಾಗದದ ಪೊಟ್ಟಣಕ್ಕೆ ಸುರಿದು ಕೊಟ್ಟರು. ಹೊಳಪಿಲ್ಲ, ಹೆಸರಿಲ್ಲ, ಸುಣ್ಣದ ಚೂರಿನ ಹಾಗಿದ್ದವು. ಕಾಸೂ ಇಲ್ಲ.

"ಡಾಕ್ಟ್ರೇ, ಇದು ಅದೇನಾ?" ಎಂದೆ. ಅವರು ನನ್ನ ಹಿಂದಿದ್ದ ರೋಗಿಗಳ ಸಾಲನ್ನು ಒಂದು ಕ್ಷಣ ಮರೆತು ನನ್ನ ಕಡೆ ತಿರುಗಿ ಕೂತರು.

"ಈ ದಪ್ಪಕ್ಷರ ಇದೆಯಲ್ಲ, ಅದು ಕಂಪನಿಯವರು ಇಟ್ಟ ಹೆಸರು. ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣಕ್ಷರ ಇದೆ, ಓದಿ."

ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಫಿನೋಬಾರ್ಬಿಟೋನ್.

"ಅದು ಔಷಧಿಯ ಹೆಸರು. ನಮ್ಮ ಡಬ್ಬದ ಮೇಲೆ ನೋಡಿ, ಅದೇ ಇದೆ. ಪಕ್ಕದಲ್ಲಿ ನಂಬರು ಇದೆಯಲ್ಲ, ಅದನ್ನೂ ನೋಡಬೇಕು. ನಿಮ್ಮದು ಅರವತ್ತು, ನಮ್ಮದು ಮೂವತ್ತು. ಅದಕ್ಕೇ ರಾತ್ರಿ ಊಟ ಆದಮೇಲೆ ನಮ್ಮದು ಎರಡು ಕೊಡಿ. ನಿಮ್ಮ ಮಗಳಿಗೆ ಮನೆಯಲ್ಲಿ ಒಂದು ಹೆಸರು, ಸ್ಕೂಲಲ್ಲಿ ಒಂದು ಹೆಸರು ಇಲ್ಲವೇ? ಮಗು ಒಂದೇ ತಾನೇ?"

"ಮತ್ತೆ ಇದಕ್ಕೆ ಅಷ್ಟೊಂದು ದುಡ್ಡು ಯಾಕೆ?"

"ಹೆಸರಿಗೆ. ಪಟ್ಟಿಗೆ. ಊರೂರು ತಿರುಗಿ ಡಾಕ್ಟರಿಗೆ ಹೇಳಿ ಬರುವವರ ಸಂಬಳಕ್ಕೆ," ಎಂದು ನಕ್ಕರು. ನಗು ನಿಲ್ಲಿಸಿ, "ಆದರೂ ಮೂರ್ಛೆಯ ಮಾತ್ರೆ ಬದಲಾದಾಗ ಒಂದೆರಡು ವಾರ ಮಗುವಿನ ಮೇಲೆ ಕಣ್ಣಿಟ್ಟಿರಿ. ಏನಾದರೂ ವ್ಯತ್ಯಾಸ ಕಂಡರೆ ಕರೆದುಕೊಂಡು ಬನ್ನಿ" ಎಂದರು.

ಅತ್ತೆ ಬಾಗಿಲ ಬಳಿಯೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಒಂದೇ ಮಾತು ಆಡಿದರು: "ಪುಕ್ಸಟ್ಟೆ ಕೊಡೋ ಔಸ್ದಿ ಕಣವ್ವ. ಇರ್ಲಿ, ಅದೂ ಇರ್ಲಿ."

ಅದೂ ಇರ್ಲಿ ಎಂಬ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ವಾರದೊಳಗೆ ಮೋರಿ ಸರಿಯಾಗಿ ಬಸ್ಸು ಬಂತು, ಕಂಡಕ್ಟರು ಪೊಟ್ಟಣವನ್ನೂ ತಂದ. ಅಷ್ಟರಲ್ಲಿ ಮಗು ಬಿಳೀ ಮಾತ್ರೆಗೆ ಒಗ್ಗಿಕೊಂಡಿದ್ದಳು. ಇನ್ನು ಮಧುಗಿರಿಯಿಂದ ತರಿಸುವುದು ಬೇಡ, ಈ ಪೊಟ್ಟಣ ಆಪತ್ತಿಗೆ ಇರಲಿ ಎಂದು ನಾನೂ ನಮ್ಮವರೂ ಮಾತಾಡಿಕೊಂಡೆವು. ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟೆ.

ಆಮೇಲೆ ಅವಳ ನಿದ್ದೆ ಶುರುವಾಯಿತು.

ಮೊದಲು ಬೆಳಗಿನ ತಿಂಡಿಯ ಹೊತ್ತಿಗೆ ಚೆನ್ನಾಗಿರುತ್ತಿದ್ದವಳು ಸ್ಕೂಲಿಗೆ ಹೊರಡುವ ಹೊತ್ತಿಗೆ ತೂಕಡಿಸುತ್ತಿದ್ದಳು. ಜಡೆ ಹಾಕುವಾಗ ತಲೆ ನನ್ನ ಮೊಣಕಾಲಿಗೆ ವಾಲುತ್ತಿತ್ತು. ನಡೆಯುವಾಗ ಗೋಡೆ ಹಿಡಿಯತೊಡಗಿದಳು. ಮಾತು ತೊದಲಿ ಎಳೆದ ಹಾಗೆ. ಒಂದು ಸಂಜೆ ಸ್ಲೇಟಿನಲ್ಲಿ ಅವಳು ಬರೆದ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಮೇಡಂ ಹೇಳಿ ಕಳಿಸಿದರು: "ಮಗು ಕ್ಲಾಸಿನಲ್ಲಿ ನಿದ್ದೆ ಮಾಡುತ್ತೆ. ರಾತ್ರಿ ಬೇಗ ಮಲಗಿಸಿ."

ಮನೆಯ ಮಾಲೀಕಮ್ಮ ಬೇಲಿಯಾಚೆಯಿಂದ, "ಏಮಮ್ಮಾ, ಪಾಪ ಇಂಕಾ ನಿದ್ರಪೋತಾ ಉಂದಾ? ಇನ್ನೂ ಎದ್ದಿಲ್ವಾ? ದಿಷ್ಟಿ ಕಣಮ್ಮ ಇದು, ದಿಷ್ಟಿ. ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕು" ಎಂದರು. ಹಾಕಿದೆ. ಘಾಟಿಗೆ ಎಲ್ಲರೂ ಕೆಮ್ಮಿದೆವು. ಮಗು ಮಾತ್ರ ಕೆಮ್ಮಿನ ನಡುವೆಯೂ ತೂಕಡಿಸಿದಳು.

ನಮ್ಮವರು ಮೊದಲ ಸಲ ನನ್ನ ಮೇಲೆ ದನಿ ಏರಿಸಿದರು. "ಬಿಟ್ಟಿ ಸಿಗುತ್ತೆ ಅಂತ ಕೊಟ್ಟರೆ ಹೀಗೇ ಆಗೋದು. ನಾಳೆಯಿಂದ ಹಳೇದೇ ಕೊಡು. ಹಾಲು ಬೇಕಾದರೆ ಪೂರ್ತಿ ನಿಲ್ಲಿಸೋಣ."

"ಎರಡೂ ಒಂದೇ ಅಂದರಲ್ಲ ಡಾಕ್ಟ್ರು?"

"ಒಂದೇ ಆಗಿದ್ದರೆ ಹೀಗ್ಯಾಕೆ ಆಗುತ್ತೆ, ನೀನೇ ಹೇಳು."

ಬಿಳೀ ಮಾತ್ರೆ ನಿಲ್ಲಿಸಿದರೆ ಮೂರ್ಛೆ ಬಂದೀತು, ಕೊಡುತ್ತಾ ಹೋದರೆ ಮಗುವಿನ ಬುದ್ಧಿಯೇ ಮಂಕಾದೀತು. ಅವಳು ಮಲಗಿದ್ದಾಗ ಎದೆಯ ಏರಿಳಿತ ನೋಡುತ್ತಾ ಕೂರುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಎರಡು ಸಲ ಹಾಕಿ ಬೈಸಿಕೊಂಡದ್ದೂ ಉಂಟು. ಗಾಬರಿಯಿಲ್ಲದೆ ಇದ್ದವರು ಅತ್ತೆ ಮಾತ್ರ. ಮೊಮ್ಮಗಳ ತಲೆ ನೇವರಿಸಿ, "ಸರಿ ಓಗ್ತೈತೆ ಬುಡವ್ವ. ಅದ್ಕೇನು ಬೇಕೋ ಅದು ನಡೀತಾ ಐತೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವಳ ಬೊಂಬೆಯ ಬಟ್ಟೆ ಒಗೆಯಲೆಂದು ಎತ್ತಿಕೊಂಡೆ. ಹಳೇ ರವಿಕೆ ಚೂರಿನ ಬೊಂಬೆ. ಅದರ ಕೊರಳಿಗೆ ಬೆಳ್ಳಿ ಕಾಗದದ ಸರ, ಕೈಗೆ ಬೆಳ್ಳಿ ಬಳೆ, ಹಣೆಗೆ ಬೆಳ್ಳಿ ಬೊಟ್ಟು. ಮಾತ್ರೆಯ ಪಟ್ಟಿಯ ಕಾಗದ ಮಕ್ಕಳಿಗೆ ಪ್ರಾಣ, ಅದರಲ್ಲೇನೂ ವಿಶೇಷವಿರಲಿಲ್ಲ. ಆದರೆ ಹಳೇ ಬೆಳ್ಳಿ ಕಾಗದ ಸುಕ್ಕಾಗಿ ಕಪ್ಪಾಗುತ್ತದೆ. ಬೊಂಬೆಯ ಬೊಟ್ಟು ಹೊಸದಾಗಿ ಮಿನುಗುತ್ತಿತ್ತು. ಮೂಸಿ ನೋಡಿದೆ, ಬೆಲ್ಲದ ವಾಸನೆ. ಅಂಚಿಗೊಂದು ಇರುವೆ ಅಂಟಿಕೊಂಡಿತ್ತು.

ಅಟ್ಟದ ಡಬ್ಬಿ ತೆಗೆದೆ. ಪೊಟ್ಟಣದ ದಾರ ಬಿಗಿದೇ ಇತ್ತು, ಆದರೆ ಅಂಗಡಿಯವರು ಹಾಕುವ ಗಂಟಲ್ಲ ಅದು. ಕುರಿಗೆ ಹಗ್ಗ ಕಟ್ಟುವ ಜೀರುಗಂಟು. ಬಿಚ್ಚಿದರೆ ಒಂದು ಪಟ್ಟಿ ಪೂರ್ತಿ ಬರಿದು, ಇನ್ನೊಂದರಲ್ಲಿ ಅರ್ಧ ಇಲ್ಲ.

ನಮ್ಮತ್ತೆಯ ತವರು ಪುರವರದ ಕಡೆ. ಕುರಿ ಸಾಕಿದ ಮನೆತನ. ಕುರಿ ಡಾಕ್ಟರು ಬಂದು ಸೂಜಿ ಹಾಕಿಹೋದರೆ, ಅವರು ಬೆನ್ನು ತಿರುಗಿಸಿದ ಮೇಲೆ ಅತ್ತೆಯ ಅಪ್ಪ ಬಿದಿರಿನ ಗೊಟ್ಟದಲ್ಲಿ ತಮ್ಮ ಸೊಪ್ಪಿನ ರಸವನ್ನೂ ಕುರಿಯ ಗಂಟಲಿಗೆ ಇಳಿಸುತ್ತಿದ್ದರಂತೆ. ಸರ್ಕಾರದ್ದು ಒಂದು, ಮನೆಯದು ಒಂದು. ಎರಡು ಬೇಲಿ ಹಾಕಿದ ಹಾಗೆ. ಅದನ್ನು ಅತ್ತೆಯೇ ಹೆಮ್ಮೆಯಿಂದ ಹೇಳುತ್ತಿದ್ದರು.

ಅತ್ತೆ ಹಿತ್ತಿಲಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ನಾನು ಖಾಲಿ ಪಟ್ಟಿ ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಅವರ ಕೈ ನಿಂತಿತು.

"ಅತ್ತೆ, ಮಗೂಗೆ ಬೆಳಿಗ್ಗೆ ಇದನ್ನೂ ಕೊಡ್ತಾ ಇದೀರಾ?"

"ಊಂ," ಎಂದರು, ಮುಚ್ಚುಮರೆಯಿಲ್ಲದೆ. "ಸ್ಕೂಲಿಗೆ ಓಗೋ ಮುಂಚೆ ಒಂದು, ಬೆಲ್ಲದುಂಡೆ ಒಳ್ಗಿಟ್ಟು. ಅದೇನು ಸುಣ್ಣದ ಚೂರಿಗೆ ಜಗ್ಗೋ ರೋಗ್ವೇನೇ ಅದು? ನೀನು ಆ ಡಾಕ್ಟ್ರಮ್ಮನ ಮಾತು ಕೇಳು, ಬ್ಯಾಡ ಅನ್ನಲ್ಲ. ಕಾಸು ಕೊಟ್ಟಿದ್ದೂ ಒಂದಿರ್ಲಿ ಅಂತ ಆಕ್ದೆ."

"ನನಗೆ ಹೇಳಲಿಲ್ಲ ಯಾಕೆ?"

"ಯೋಳಿದ್ರೆ ಬ್ಯಾಡ ಅಂತಿದ್ದೆ. ಉಳ್ಸಿಡೋಣ ಅಂತಿದ್ದೆ. ನೀವು ಆಲು ಬುಟ್ಟು ಆ ಔಸ್ದಿ ತಂದೋರು. ನಂಗೊತ್ತಿಲ್ವಾ?"

"ಅತ್ತೆ, ಅವೆರಡೂ ಒಂದೇ ಔಷಧಿ. ಮಗು ಒಂದಕ್ಕೆ ಎರಡರಷ್ಟು ನುಂಗ್ತಾ ಇದೆ. ಅದಕ್ಕೇ ಏಳೋಕೆ ಆಗ್ತಿಲ್ಲ."

ಅವರೆಕಾಯಿ ಮೊರದ ಮೇಲೆ ಬಿತ್ತು. ಅವರು ನನ್ನನ್ನಲ್ಲ, ತಮ್ಮ ಕೈಯನ್ನೇ ನೋಡಿಕೊಂಡರು. "ಅಂಗಂದ್ರೆ ನಾನೇ ನನ್ನ ಕೂಸಿಗೆ ವಿಸ ಆಕ್ದೆನಾ?"

ಎದ್ದು ಅವರ ಕೈ ಹಿಡಿದುಕೊಂಡು ನಡೆದೆ. ಮಗುವನ್ನು ಸ್ಕೂಲಿನಿಂದ ಹಾಗೇ ಕರೆದುಕೊಂಡು ಮೂವರೂ ಆಸ್ಪತ್ರೆಗೆ ಹೋದೆವು. ಹೊರರೋಗಿಗಳ ಹೊತ್ತು ಮುಗಿದಿತ್ತು. ಡಾಕ್ಟರು ಹೊರಡಲೆಂದು ಚಪ್ಪಲಿ ಮೆಟ್ಟಿದ್ದವರು ನಿಂತು ಕೇಳಿದರು. ಮಗುವಿನ ಕಣ್ಣು ನೋಡಿ, ಗೆರೆಯ ಮೇಲೆ ನಡೆಸಿ, ಮೂಗು ಮುಟ್ಟಿಸಿ ನೋಡಿದರು. ಮಗು ಮೂಗಿನ ಬದಲು ಕೆನ್ನೆ ಮುಟ್ಟಿದಳು.

"ಇದರ ಜೊತೆ ಇನ್ನೇನಾದರೂ? ಪೆಟ್ಟಿಗೆ ಅಂಗಡಿಯ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪು?"

"ಹೋದ ತಿಂಗಳು ನೆಗಡಿಗೆ ಸಿರಪ್ಪು ಕೊಟ್ಟಿದ್ದೆ. ಅಂಗಡಿಯಲ್ಲಿ ಹಾಗೇ ಕೊಟ್ಟರು. ಮುಗಿದು ಹೋಗಿದೆ."

"ಅದೂ ನಿದ್ದೆ ತರಿಸುತ್ತೆ. ಚೀಟಿ ಇಲ್ಲದೆ ಸಿಗುತ್ತೆ ಅಂತ ಅದು ಔಷಧಿ ಅಲ್ಲ ಅಂದುಕೋಬೇಡಿ. ಇನ್ನು ಮೇಲೆ ಯಾವುದು ಕೊಡೋದಿದ್ದರೂ ನನ್ನ ಕೇಳಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಗಾಬರಿ ಆಗಬೇಡಿ. ಸಮಯಕ್ಕೆ ಗೊತ್ತಾಯಿತು. ಬೆಳಗಿನದು ನಿಲ್ಲಿಸಿ, ರಾತ್ರಿಯದು ಮಾತ್ರ ಬಿಡಬೇಡಿ. ಮೈಯಲ್ಲಿ ಸೇರಿರೋ ಔಷಧಿ ಇಳಿಯೋಕೆ ಸ್ವಲ್ಪ ದಿನ ಬೇಕು. ಈ ದಿನಗಳಲ್ಲಿ ಮೂರ್ಛೆ ಬಂದರೆ ಯಾವ ಹೊತ್ತಾದರೂ ಸರಿ, ಎತ್ತಿಕೊಂಡು ಬನ್ನಿ. ಕ್ವಾರ್ಟರ್ಸು ಹಿಂದುಗಡೆಯೇ."

ಬಂದರೆ ಎಂಬ ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆವು.

ಅಂದು ಸಂಜೆ ಅತ್ತೆ ತಾವಾಗಿಯೇ ಪಟ್ಟಿ ತಂದು ನನ್ನ ಮುಂದಿಟ್ಟರು. "ಎಲ್ಲೈತೆ ಆ ಸಣ್ಣ ಎಸ್ರು? ತೋರ್ಸು." ಅವರಿಗೆ ಓದು ಬಾರದು. ಆಸ್ಪತ್ರೆಯ ಪೊಟ್ಟಣದ ಮೇಲೆ ಡಾಕ್ಟರಿಂದ ಇಂಗ್ಲಿಷಿನಲ್ಲಿ ಅದೇ ಹೆಸರು ಅಚ್ಚಿನಕ್ಷರದ ಹಾಗೆ ಬರೆಸಿಕೊಂಡು ಬಂದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅವರು ಉಗುರಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರು. ಇಲ್ಲಿ ಒಂದು ಮುಟ್ಟುವುದು, ಅಲ್ಲಿ ಒಂದು ಮುಟ್ಟುವುದು.

"ಇದ್ಕೂ ಒಂದು ಕಾಲು, ಅದ್ಕೂ ಒಂದು ಕಾಲು... ಇದು ಗುಂಡಗೈತೆ, ಅದೂ ಗುಂಡಗೈತೆ..." ಕೊನೆಯವರೆಗೂ ಹೋಗಿ ಒಂದು ನಿಟ್ಟುಸಿರು ಬಿಟ್ಟರು. "ಸಂತೇಲಿ ವ್ಯಾಪಾರಸ್ಥರು ಕುರಿಗೆ ಕೆಂಪು ನೀಲಿ ಬಳ್ದು ತಂದು ನಿಲ್ಲುಸ್ತಾರೆ ಕಣವ್ವ. ಬಣ್ಣ ಯಾರು ಬೇಕಾದ್ರೂ ಬಳೀಬೋದು. ನಮ್ಮಪ್ಪ ಕಿವಿ ಮಡ್ಚಿ ನೋಡೋನು, ಕಿವಿ ಕೊಯ್ದಿರೋ ಗುರ್ತು ಯಾವ ಮಂದೇದು ಅಂತ. ಇದು ಔಸ್ದಿ ಕಿವಿ ಅನ್ನು."

ನನಗೆ ನಗು ಬಂತು, ಜೊತೆಗೇ ಕಣ್ಣೀರೂ. ಅವರಿಗೆ ಬರೀ ಕೋಪ. "ನಗು, ನಗು. ಕಾನ್ವೆಂಟಿನಾಗೆ ಓದಿದೋಳು ನೀನು, ಮೊದ್ಲೇ ಕಿವಿ ಮಡ್ಚಿ ತೋರ್ಸಕ್ಕೇನಾಗಿತ್ತು ನಿಂಗೆ?"

ಆಮೇಲಿನ ದಿನಗಳನ್ನು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಕಳೆದೆವು. ಮಗು ಕೈಯಿಂದ ಲೋಟ ಬೀಳಿಸಿದರೆ ಇಬ್ಬರೂ ಓಡುವುದು. ಸುಮ್ಮನೆ ಒಂದು ಕಡೆ ನೋಡುತ್ತಾ ಕೂತರೆ, "ಇಲ್ಲಿ ನೋಡೇ, ನನ್ನ ನೋಡೇ" ಎಂದು ಕರೆಯುವುದು. ನಮ್ಮವರು ಅಳತೆಗೆ ಹಳ್ಳಿಗಳಿಗೆ ಹೋದವರು ಸೈಕಲ್ಲಿನ ಮೇಲೆ ಮಧ್ಯಾಹ್ನವೇ ಬಂದು ಬಾಗಿಲಲ್ಲಿ ಇಣುಕಿ, ನಾನು ತಲೆಯಾಡಿಸಿದ ಮೇಲೆ ವಾಪಸು ಹೋಗುತ್ತಿದ್ದರು. ಅವ್ವನಿಗೆ ಅವರು ಒಂದು ಮಾತೂ ಅನ್ನಲಿಲ್ಲ. ಅವ್ವನೇ ಮಗನ ತಟ್ಟೆಗೆ ಮುದ್ದೆ ಹಾಕುವಾಗ, "ಬೈಯೋ ಹಂಗಿದ್ರೆ ಬೈದ್ಬುಡ್ಲಾ, ಒಳಗೆ ಇಟ್ಕಂಡು ಉಣ್ಬ್ಯಾಡ" ಎಂದರು. ನಮ್ಮವರು, "ಸಾರು ಹಾಕವ್ವ" ಎಂದರು. ಅಲ್ಲಿಗೆ ಮುಗಿಯಿತು.

ಮಗುವಿನ ಅಕ್ಷರ ಮೆಲ್ಲಗೆ ಗೆರೆಯ ಮೇಲಕ್ಕೆ ಹತ್ತಿ ಬಂತು. ಗೋಡೆ ಬಿಟ್ಟು ನಡೆದಳು. ಮೂರ್ಛೆ ಬರಲಿಲ್ಲ. ಮೇಡಂ ಮತ್ತೆ ಹೇಳಿ ಕಳಿಸಿದರು, ಈ ಸಲ ಪಕ್ಕದವಳ ಬಳಪ ಕಿತ್ತುಕೊಂಡಳೆಂದು. ಆ ದೂರು ಕೇಳಿ ಅತ್ತೆ ಪಾಯಸ ಮಾಡಿದರು.

ಚಳಿಗಾಲ ಕಾಲಿಟ್ಟ ಹೊತ್ತಿಗೆ ಆಸ್ಪತ್ರೆಯ ಡಬ್ಬ ಖಾಲಿಯಾಯಿತು. "ಇಂಡೆಂಟ್ ಹೋಗಿದೆ, ಮಾಲು ಬರಬೇಕು" ಎಂದರು ಕಾಂಪೌಂಡರ್. ಆಪತ್ತಿಗೆಂದು ಇಟ್ಟಿದ್ದ ಪಟ್ಟಿಗಳೂ ತೀರುತ್ತಾ ಬಂದವು. ಮಧುಗಿರಿಗೆ ಹೇಳಿ ಕಳಿಸೋಣವೇ ಎಂದು ನಮ್ಮವರು ಕೇಳಿದರು. ಎಲ್ಲಾದರೂ ಬಸ್ಸು ತಪ್ಪಿದರೆ ಎಂದು ನಾನು ಒಪ್ಪಲಿಲ್ಲ. ಡಾಕ್ಟರನ್ನು ಕೇಳಿದೆ. ಅವರು ಚೀಟಿಯಲ್ಲಿ ದೊಡ್ಡ ಹೆಸರು ಯಾವುದನ್ನೂ ಬರೆಯದೆ, ಸಣ್ಣ ಹೆಸರು ಮತ್ತು ನಂಬರು ಮಾತ್ರ ಬರೆದು ಕೊಟ್ಟರು.

ಪಾವಗಡದ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಚೀಟಿ ಓದಿ, "ಇದೇ ಕದಮ್ಮಾ ಆವತ್ತು ಕೊಡ್ತೀನಿ ಅಂದಿದ್ದು" ಎಂದು ಪಟ್ಟಿ ತೆಗೆದರು. ಇದುವರೆಗೆ ನಾನು ಕಾಣದ ಕಂಪನಿ. ಹಸಿರು ಅಕ್ಷರ, ಬಾಯಿಗೆ ಹೊರಳದ ಹೆಸರು. ಬೆಲೆಯ ಪಕ್ಕದಲ್ಲಿ ತೆರಿಗೆ ಬೇರೆ ಎಂದು ಅಚ್ಚಾಗಿತ್ತು. ಅದೂ ಸೇರಿ ಹಳೆಯದರ ಅರ್ಧಕ್ಕೆ ಬರಲಿಲ್ಲ. ಅವರು ಕತ್ತರಿ ಎತ್ತಿಕೊಂಡಾಗ, "ಕತ್ತರಿಸಬೇಡಿ, ಪೂರ್ತಿ ಪಟ್ಟಿಯೇ ಕೊಡಿ" ಎಂದೆ. ಸಣ್ಣಕ್ಷರ ಓದಿದೆ. ನಂಬರು ಓದಿದೆ. ಮತ್ತೊಮ್ಮೆ ಓದಿದೆ. ಹಿಂದೆ ನಿಂತಿದ್ದವರು ಗೊಣಗಿದರು.

ಮನೆಯಲ್ಲಿ ಅತ್ತೆ ಕೈ ಒರೆಸಿಕೊಂಡು ಬಂದು ಪಟ್ಟಿ ಈಸಿಕೊಂಡರು. ಹಸಿರು ಅಕ್ಷರದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಅದರ ಕೆಳಗಿನ ಸಾಲನ್ನು ಉಗುರಿನಿಂದ ಮುಟ್ಟುತ್ತಾ ಹೋದರು. "ಊಂ. ನಮ್ದೇ," ಎಂದರು. ದನಿಯಲ್ಲಿ ಮಾತ್ರ ಧೈರ್ಯವಿರಲಿಲ್ಲ. ನನ್ನಲ್ಲೂ ಇರಲಿಲ್ಲ. ಊಟವಾದ ಮೇಲೆ ಮಗು ಅದನ್ನು ನೀರಿನಲ್ಲಿ ನುಂಗಿ, "ಹೊಸಾ ಟಾನಿಕ್ಕಾ? ಕಹಿ" ಎಂದು ಮುಖ ಕಿವುಚಿ ಮಲಗಿದಳು.

ಬೆಳಗಾದಾಗ ನಾನು ಎದ್ದು ನೋಡಿದರೆ ಅತ್ತೆ ಆಗಲೇ ಮಗುವಿನ ಬಲಕ್ಕೆ ಕೂತಿದ್ದರು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುವವರ ಹಾಗೆ. ಹಿಂದಿನ ಸಂಜೆಯೇ ಆರಿಸಿಟ್ಟಿದ್ದ ಅಕ್ಕಿ ಅದು. ನಾನೂ ಒಂದು ಸೂಜಿ ದಾರ ತಂದು ಎಡಕ್ಕೆ ಕೂತೆ. ಕಿಟಕಿಯ ಬಿಸಿಲು ಚಾಪೆಯ ಅಂಚಿಗೆ ಬಂತು, ಕಂಬಳಿಯ ಮೇಲೆ ಹತ್ತಿತು, ಮಗುವಿನ ಕೆನ್ನೆ ಮುಟ್ಟಿತು. ರೆಪ್ಪೆ ಅದುರಿತು. ಅತ್ತೆಯ ಬೆರಳು ಅಕ್ಕಿಯೊಳಗೆ ನಿಂತುಬಿಟ್ಟಿತು.

ಮಗು ಕಣ್ಣು ಬಿಟ್ಟು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಎರಡು ಕಡೆಯೂ ತನ್ನನ್ನೇ ನುಂಗುವ ಹಾಗೆ ನೋಡುತ್ತಿರುವ ಮುಖ ಕಂಡು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಇಬ್ರೂ ಹಿಂಗೆ ಕೂತ್ಕೊಂಡ್ರೂ ಅಷ್ಟೇ," ಎಂದಳು, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. "ನಾನು ಇವತ್ತು ಸ್ಕೂಲಿಗೆ ಹೋಗಲ್ಲ."